ಹಿರಿಯರ ಮನೆ ಹುಡುಕುವ ಮುನ್ನ: ಯಾವ ಆರೈಕೆ, ಯಾರಿಗೆ?

"ಅಮ್ಮನಿಗೆ ಒಂದು ಒಳ್ಳೆಯ ಜಾಗ ಇದ್ದರೆ ಹೇಳಿ." ಹಿರಿಯರಿಗೆ ಮನೆ ಹುಡುಕಲು ಹೊರಟ ಮಕ್ಕಳು ಮೊದಲು ಕೇಳುವುದೇ ಇದನ್ನು. ಆದರೆ ಯಾವುದಕ್ಕೆ ಒಳ್ಳೆಯದು ಎಂದು ಹೇಳದೆ ಇದಕ್ಕೆ ಉತ್ತರ ಕೊಡಲು ಆಗುವುದಿಲ್ಲ. ತಾವೇ ಎದ್ದು ಓಡಾಡುವವರು ಖುಷಿಯಾಗಿ ಇರುವ ಜಾಗದಲ್ಲಿ ಹಾಸಿಗೆ ಹಿಡಿದವರು ಒಂದು ತಿಂಗಳಲ್ಲಿ ಸೊರಗಿ ಹೋಗಬಹುದು. ಮರೆವಿನ ಕಾಯಿಲೆ ಇರುವವರಿಗೆ ಹೇಳಿ ಮಾಡಿಸಿದಂತಿರುವ ಕಟ್ಟಡದಲ್ಲಿ ತಲೆ ಚುರುಕಾಗಿರುವವರಿಗೆ ಉಸಿರು ಕಟ್ಟಿದ ಹಾಗೆ ಆಗಬಹುದು.

ವೃದ್ಧಾಶ್ರಮ, ಹಿರಿಯರ ನಿವಾಸ, ಕೇರ್ ಹೋಮ್ ಎಂದು ಬೋರ್ಡಿನ ಮೇಲೆ ಏನು ಬೇಕಾದರೂ ಬರೆದಿರಬಹುದು. ಅದನ್ನು ಓದಿ ಒಳಗೆ ಯಾವ ಆರೈಕೆ ಸಿಗುತ್ತದೆ ಎಂದು ಹೇಳಲು ಬರುವುದಿಲ್ಲ. ರಾತ್ರಿ ಎರಡು ಗಂಟೆಗೆ ಬೆಲ್ ಒತ್ತಿದರೆ ಯಾರು ಬರುತ್ತಾರೆ, ಬಂದವರಿಗೆ ಏನೇನು ಮಾಡಲು ಗೊತ್ತು? ಆರೈಕೆಯ ಮಟ್ಟ ಇರುವುದು ಅಲ್ಲಿ. ಈ ಲೇಖನ ಓದುವಾಗ ಈ ಪ್ರಶ್ನೆಯನ್ನು ಕೈಯಲ್ಲೇ ಇಟ್ಟುಕೊಳ್ಳಿ.

ಹಂತ 1: ಮೊದಲು ಒಂದು ಪೂರ್ತಿ ದಿನ ಬರೆದಿಡಿ

ಜಾಗ ಹುಡುಕುವುದನ್ನು ಸ್ವಲ್ಪ ಪಕ್ಕಕ್ಕಿಡಿ. ಒಂದು ನೋಟ್‌ಬುಕ್ ತೆಗೆದುಕೊಂಡು, ನಿಮ್ಮ ಹಿರಿಯರ 24 ಗಂಟೆ ಹೇಗೆ ಕಳೆಯುತ್ತದೆ ಎಂದು ಬರೆಯಿರಿ. ಬೆಳಗ್ಗೆಯಿಂದ ರಾತ್ರಿವರೆಗೆ ಬರೆದರೆ ಸಾಲದು, ರಾತ್ರಿಯಿಂದ ಬೆಳಗ್ಗೆವರೆಗೂ ಬರೆಯಬೇಕು. ಮನೆಯವರು ಸಾಮಾನ್ಯವಾಗಿ ಬಿಟ್ಟುಬಿಡುವುದೇ ಈ ಭಾಗವನ್ನು.

ಏನನ್ನು ನೋಡಬೇಕು ಎನ್ನುವುದಕ್ಕೆ ವೈದ್ಯರು ಬಹಳ ಕಾಲದಿಂದ ಬಳಸುವ ಒಂದು ಪಟ್ಟಿ ಇದೆ. 1963ರಲ್ಲಿ ಅಮೆರಿಕದ ವೈದ್ಯ ಸಿಡ್ನಿ ಕ್ಯಾಟ್ಜ್ ಮತ್ತು ಅವರ ತಂಡ ಪ್ರಕಟಿಸಿದ್ದು. ಅದರಲ್ಲಿ ಇರುವುದು ಆರೇ ಕೆಲಸ: ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಶೌಚಾಲಯಕ್ಕೆ ಹೋಗಿ ಬರುವುದು, ಹಾಸಿಗೆಯಿಂದ ಕುರ್ಚಿಗೆ ಏಳುವುದು, ಮಲಮೂತ್ರದ ಹಿಡಿತ, ತಾನೇ ಊಟ ಮಾಡುವುದು. ವಯಸ್ಸಾದಂತೆ ಸ್ನಾನ ಮೊದಲು ಕಷ್ಟವಾಗುತ್ತದೆ, ತುತ್ತು ಬಾಯಿಗಿಡುವ ಶಕ್ತಿ ಸಾಮಾನ್ಯವಾಗಿ ಕೊನೆಗೆ ಹೋಗುತ್ತದೆ. 1969ರಲ್ಲಿ ಲಾಟನ್ ಮತ್ತು ಬ್ರಾಡಿ ಇನ್ನೊಂದು ಪಟ್ಟಿ ಕೊಟ್ಟರು. ಫೋನ್ ಬಳಸುವುದು, ಸಾಮಾನು ತರುವುದು, ಅಡುಗೆ, ಮನೆಗೆಲಸ, ಬಟ್ಟೆ ಒಗೆಯುವುದು, ಓಡಾಟ, ಮಾತ್ರೆ, ಹಣದ ವ್ಯವಹಾರ ಎಂದು ಅದರಲ್ಲಿ ಎಂಟು. ಎರಡನೆಯ ಪಟ್ಟಿಯಲ್ಲಿ ಮಾತ್ರ ತೊಂದರೆ ಇದ್ದರೆ ಹಗುರವಾದ ನೆರವು ಸಾಕಾಗುತ್ತದೆ. ಮೊದಲ ಪಟ್ಟಿಯಲ್ಲಿ ಎರಡು ಮೂರು ಕೆಲಸಕ್ಕೆ ಇನ್ನೊಬ್ಬರ ಕೈ ಬೇಕು ಎಂದಾದರೆ ದಿನವಿಡೀ ಜನ ಇರುವ ಜಾಗವನ್ನೇ ನೋಡಬೇಕು.

"ಸಹಾಯ ಬೇಕು" ಎಂದಷ್ಟೇ ಬರೆದು ನಿಲ್ಲಿಸಬೇಡಿ. ಎಂಥ ಸಹಾಯ? ಪಕ್ಕದಲ್ಲಿ ನಿಂತಿದ್ದರೆ ಸಾಕೇ? "ಈಗ ತೋಳು ಹಾಕಿ" ಎಂದು ಹೇಳಿಕೊಟ್ಟರೆ ಮಾಡುತ್ತಾರೆಯೇ? ಕೈ ಹಿಡಿಯಬೇಕೇ? ಪೂರ್ತಿ ಎತ್ತಬೇಕೇ? ಎತ್ತಬೇಕು ಎಂದರೆ ಒಬ್ಬರಿಂದ ಆಗುತ್ತದೆಯೇ, ಇಬ್ಬರು ಬೇಕೇ? ಈ ಕೊನೆಯ ಪ್ರಶ್ನೆ ಚಿಕ್ಕದಾಗಿ ಕಾಣಬಹುದು. ಆದರೆ ಎಷ್ಟೋ ಕಡೆ ಸೇರಿಸಿಕೊಳ್ಳುವುದು, ಇಲ್ಲ ಎನ್ನುವುದು ಇದರ ಮೇಲೇ ನಿಂತಿರುತ್ತದೆ. ರಾತ್ರಿ ಒಬ್ಬರೇ ಸಿಬ್ಬಂದಿ ಇರುವ ಜಾಗದಲ್ಲಿ, ಇಬ್ಬರು ಸೇರಿ ಎತ್ತಬೇಕಾದವರನ್ನು ಶೌಚಾಲಯಕ್ಕೆ ಕರೆದೊಯ್ಯಲು ಆಗುವುದಿಲ್ಲ. ಆಗ ಡಯಾಪರ್ ಹಾಕಿ ಬೆಳಗಿನವರೆಗೂ ಬಿಡುತ್ತಾರೆ.

ರಾತ್ರಿಯ ಪುಟದಲ್ಲಿ ಇಷ್ಟು ಇರಲಿ: ಎಷ್ಟು ಸಲ ಏಳುತ್ತಾರೆ, ಎದ್ದಾಗ ತಲೆ ಸುತ್ತುತ್ತದೆಯೇ, ದಾರಿ ಗೊತ್ತಾಗುತ್ತದೆಯೇ, ಬೇಕಾದಾಗ ಯಾರನ್ನಾದರೂ ಕರೆಯುತ್ತಾರೋ ಅಥವಾ ಸುಮ್ನೆ ತಾವೇ ಎದ್ದು ಹೊರಟುಬಿಡುತ್ತಾರೋ. ಹಿಂದಿನ ಆರು ತಿಂಗಳಲ್ಲಿ ಬಿದ್ದಿದ್ದರೆ ಎಲ್ಲಿ, ಯಾವ ಹೊತ್ತಿನಲ್ಲಿ, ಏನು ಮಾಡುತ್ತಿದ್ದಾಗ ಎಂದು ಬರೆಯಿರಿ. ಒಮ್ಮೆ ಬಿದ್ದವರು ಮತ್ತೆ ಬೀಳುವ ಸಾಧ್ಯತೆ ಜಾಸ್ತಿ.

ಹಂತ 2: ಡಾಕ್ಟರ ಬಳಿ ಹೋಗಿ, ಆಮೇಲೆ ತೀರ್ಮಾನಿಸಿ

ಹಿರಿಯರು ಒಂದೆರಡು ದಿನದಲ್ಲೇ ಗೊಂದಲಕ್ಕೆ ಬಿದ್ದು, ಏನೇನೋ ಮಾತಾಡಿ, ಹಗಲು ನಿದ್ದೆ ರಾತ್ರಿ ಎಚ್ಚರ ಎಂದಾದರೆ ಮನೆಯವರು "ಮರೆವಿನ ಕಾಯಿಲೆ ಬಂತು" ಎಂದುಕೊಳ್ಳುತ್ತಾರೆ. ಮರೆವಿನ ಕಾಯಿಲೆ ಹಾಗೆ ದಿಢೀರೆಂದು ಬರುವುದು ಅಪರೂಪ. ಹೀಗೆ ಗಂಟೆಗಳಲ್ಲಿ, ದಿನಗಳಲ್ಲಿ ಬರುವ ಗೊಂದಲಕ್ಕೆ ಡೆಲಿರಿಯಂ ಎನ್ನುತ್ತಾರೆ. ಮೂತ್ರದ ಅಥವಾ ಶ್ವಾಸಕೋಶದ ಸೋಂಕು, ನೀರು ಕಡಿಮೆಯಾಗಿರುವುದು, ಮಲಬದ್ಧತೆ, ಹೊಸದಾಗಿ ಶುರು ಮಾಡಿದ ಮಾತ್ರೆ, ಆಪರೇಷನ್ ಆದ ನಂತರದ ದಿನಗಳು, ಹೀಗೆ ಕಾರಣ ಯಾವುದೂ ಇರಬಹುದು. ಕಾರಣ ಹಿಡಿದು ಚಿಕಿತ್ಸೆ ಕೊಟ್ಟರೆ ಬಹಳಷ್ಟು ಜನ ಸುಧಾರಿಸುತ್ತಾರೆ. ಕೆಲವರಿಗೆ ವಾರಗಟ್ಟಲೆ ಹಿಡಿಯುತ್ತದೆ.

ಹಾಗಾಗಿ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿರುವವರನ್ನು ನೋಡಿ ಶಾಶ್ವತವಾದ ಜಾಗ ಗೊತ್ತು ಮಾಡಬೇಡಿ. ಆಸ್ಪತ್ರೆಯವರು ಡಿಸ್ಚಾರ್ಜ್ ಮಾಡುತ್ತೇವೆ ಎಂದು ಅವಸರ ಮಾಡಿದರೆ ಕೆಲವು ವಾರಗಳ ತಾತ್ಕಾಲಿಕ ವ್ಯವಸ್ಥೆ ಕೇಳಿ.

ಮಾತ್ರೆಗಳ ಪಟ್ಟಿಯನ್ನೂ ಒಮ್ಮೆ ಪೂರ್ತಿ ತೋರಿಸಿ. ದಿನಕ್ಕೆ ಐದು ಅಥವಾ ಹೆಚ್ಚು ಬಗೆಯ ಔಷಧಿ ತೆಗೆದುಕೊಳ್ಳುವವರಲ್ಲಿ ತಲೆಸುತ್ತು, ಬೀಳುವುದು, ಮಂಪರು ಜಾಸ್ತಿ. ನಿದ್ದೆಗೆಂದು ಯಾವಾಗಲೋ ಬರೆದ ಮಾತ್ರೆ ವರ್ಷಗಟ್ಟಲೆ ಮುಂದುವರಿದಿರುವುದು ಸಾಮಾನ್ಯ. ಹಾಗೆಂದು ನೀವೇ ನಿಲ್ಲಿಸಲು ಹೋಗಬೇಡಿ, ಕೆಲವನ್ನು ಹಂತಹಂತವಾಗಿಯೇ ಇಳಿಸಬೇಕು. ಕಣ್ಣು, ಕಿವಿ ಕೂಡ ಪರೀಕ್ಷೆ ಮಾಡಿಸಿ. ಕಿವಿ ಸರಿಯಾಗಿ ಕೇಳದವರನ್ನು ಬುದ್ಧಿ ಮಂಕಾದವರು ಎಂದು ತಿಳಿಯುವುದು ನಾವು ಅಂದುಕೊಂಡಿದ್ದಕ್ಕಿಂತ ಹೆಚ್ಚು.

ಹಂತ 3: ಆರೈಕೆಯ ಬಗೆಗಳನ್ನು ತಿಳಿದುಕೊಳ್ಳಿ

ಒಂದೇ ಆವರಣದಲ್ಲಿ ಎರಡು ಮೂರು ಬಗೆ ಇರುವುದೂ ಉಂಟು. ಆದ್ದರಿಂದ ಇವನ್ನು ಕಟ್ಟಡಗಳ ಬಗೆ ಎಂದು ನೋಡದೆ ಕೆಲಸದ ಬಗೆ ಎಂದು ನೋಡಿ.

*ಸ್ವತಂತ್ರ ವಾಸ.* ಹಿರಿಯರಿಗೆ ತಮ್ಮದೇ ಕೋಣೆ ಅಥವಾ ಪುಟ್ಟ ಮನೆ ಇರುತ್ತದೆ. ಊಟ, ಶುಚಿತ್ವ, ರಿಪೇರಿ, ಕಾವಲು, ತುರ್ತು ಬೆಲ್ ಇಷ್ಟನ್ನು ಸಂಸ್ಥೆ ನೋಡಿಕೊಳ್ಳುತ್ತದೆ. ಮೈಮುಟ್ಟಿ ಮಾಡುವ ಆರೈಕೆ ಇರುವುದಿಲ್ಲ. ಒಂಟಿತನ ಬೇಸರವಾಗಿದೆ, ಮನೆ ನಿಭಾಯಿಸುವುದು ಸಾಕಾಗಿದೆ, ಉಳಿದಂತೆ ಗಟ್ಟಿಮುಟ್ಟಾಗಿದ್ದಾರೆ ಎನ್ನುವವರಿಗೆ ಇದು ಸರಿ.

*ದಿನನಿತ್ಯದ ನೆರವಿನ ವಾಸ.* ಹಿರಿಯರ ಮನೆ ಎಂದಾಗ ಹೆಚ್ಚಿನವರ ಮನಸ್ಸಿಗೆ ಬರುವುದು ಇದೇ. ಸ್ನಾನ, ಬಟ್ಟೆ, ನಡೆದಾಟಕ್ಕೆ ಆರೈಕೆದಾರರು ಕೈಜೋಡಿಸುತ್ತಾರೆ, ಹೊತ್ತಿಗೆ ಸರಿಯಾಗಿ ಊಟ ಕೊಡುತ್ತಾರೆ, ಮಾತ್ರೆ ನೆನಪಿಸುತ್ತಾರೆ. ಈ ಕೊನೆಯ ಮಾತನ್ನು ಬಿಡಿಸಿ ಕೇಳಿ. "ಮಾತ್ರೆ ನಾವು ನೋಡಿಕೊಳ್ಳುತ್ತೇವೆ" ಎನ್ನುವುದಕ್ಕೆ ಮೂರು ಅರ್ಥ ಇರಬಹುದು. ಡಬ್ಬಿ ಹಿರಿಯರ ಕೈಯಲ್ಲೇ ಇದ್ದು "ತಗೊಂಡ್ರಾ?" ಎಂದು ಕೇಳುವುದು ಒಂದು. ಹೊತ್ತಿಗೆ ತಂದು ಕೈಗಿಟ್ಟು, ನುಂಗಿದ್ದನ್ನು ನೋಡಿ ಪುಸ್ತಕದಲ್ಲಿ ಗುರುತು ಹಾಕುವುದು ಇನ್ನೊಂದು. ಇನ್ಸುಲಿನ್ ಚುಚ್ಚುವುದು, ಅದಕ್ಕೆ ಮುಂಚೆ ಸಕ್ಕರೆ ಪರೀಕ್ಷಿಸುವುದು, ಸಕ್ಕರೆ ಕಡಿಮೆ ಬಂದರೆ ಏನು ಮಾಡಬೇಕೆಂದು ತಿಳಿದಿರುವುದು ಮೂರನೆಯದು. ಈ ಮೂರನೆಯದು ಇಂಥ ಹಲವು ಜಾಗಗಳಲ್ಲಿ ಸಿಗುವುದಿಲ್ಲ, ಏಕೆಂದರೆ ತರಬೇತಿ ಪಡೆದ ನರ್ಸ್ ದಿನವಿಡೀ ಇರುವುದಿಲ್ಲ.

*ನರ್ಸಿಂಗ್ ಆರೈಕೆ.* ಇಲ್ಲಿ ಅರ್ಹತೆ ಇರುವ ನರ್ಸ್ ಹಗಲೂ ರಾತ್ರಿಯೂ ಇರಬೇಕು. "ಫೋನ್ ಮಾಡಿದರೆ ಬರುತ್ತಾರೆ" ಎನ್ನುವುದು ಲೆಕ್ಕಕ್ಕಿಲ್ಲ. ಮೂಗಿನ ನಳಿಕೆಯಿಂದ ಆಹಾರ, ಮೂತ್ರ ಹೋಗಲು ಹಾಕಿದ ನಳಿಕೆ (ಕ್ಯಾಥೆಟರ್), ಆಕ್ಸಿಜನ್, ಗಂಟಲಲ್ಲಿ ರಂಧ್ರ ಮಾಡಿದವರ ಕಫ ತೆಗೆಯುವುದು, ಆಳವಾದ ಗಾಯದ ಡ್ರೆಸ್ಸಿಂಗ್, ದಿನಕ್ಕೆ ಹಲವು ಸಲ ಇಂಜೆಕ್ಷನ್, ಪಾರ್ಶ್ವವಾಯುವಿನಿಂದ ಪೂರ್ತಿ ಹಾಸಿಗೆ ಹಿಡಿದಿರುವುದು, ಇವುಗಳಲ್ಲಿ ಯಾವುದಾದರೂ ಇದ್ದರೆ ನೀವು ಹುಡುಕಬೇಕಾದ್ದು ಈ ಬಗೆ.

ಇಂಥ ಜಾಗದ ಗುಣಮಟ್ಟ ಹೇಗೆ ತಿಳಿಯುವುದು? ನನ್ನನ್ನು ಕೇಳಿದರೆ ಒಂದೇ ವಿಷಯ ಹಿಡಿದು ಮಾತಾಡಿ: ಬೆಡ್‌ಸೋರ್. ಮೂಳೆ ಚರ್ಮಕ್ಕೆ ಒತ್ತುವ ಕಡೆಗಳಲ್ಲಿ, ಅಂದರೆ ಬೆನ್ನಿನ ಕೆಳತುದಿ, ಹಿಮ್ಮಡಿ, ಸೊಂಟದ ಪಕ್ಕ, ಮೊಣಕೈ, ತಲೆಯ ಹಿಂಭಾಗದಲ್ಲಿ ರಕ್ತ ಓಡಾಟ ನಿಂತು ಆಗುವ ಹುಣ್ಣು ಇದು. ಮೊದಲು ಒಂದು ಕೆಂಪು ಕಲೆ ಕಾಣುತ್ತದೆ. ಬೆರಳಿಂದ ಒತ್ತಿ ಬಿಟ್ಟರೆ ಮಾಮೂಲಿ ಕೆಂಪು ಕ್ಷಣಕಾಲ ಬಿಳಿಚಿಕೊಳ್ಳುತ್ತದೆ. ಹಾಗೆ ಬಿಳಿಚದೆ ಕೆಂಪಾಗಿಯೇ ಉಳಿದರೆ ಒಳಗೆ ಆಗಲೇ ಪೆಟ್ಟು ಬಿದ್ದಿದೆ ಎಂದರ್ಥ. ಚರ್ಮದ ಬಣ್ಣ ಕಪ್ಪಿದ್ದರೆ ಕೆಂಪು ಕಾಣಿಸದೇ ಹೋಗಬಹುದು. ಆಗ ಆ ಜಾಗ ಸುತ್ತಲಿಗಿಂತ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ಮುಟ್ಟಿ ನೋಡಬೇಕು. ಒಳ್ಳೆಯ ಕಡೆ, ತಾವಾಗಿ ಹೊರಳಲು ಆಗದವರನ್ನು ಸುಮಾರು ಎರಡು ಗಂಟೆಗೊಮ್ಮೆ ಅಥವಾ ಅವರವರ ಚರ್ಮದ ಸ್ಥಿತಿ ನೋಡಿ ಗೊತ್ತು ಮಾಡಿದ ಹೊತ್ತಿಗೆ ಮಗ್ಗುಲು ಬದಲಾಯಿಸಿ, ಸಮಯ ಬರೆದಿಡುತ್ತಾರೆ. ಅಪಾಯ ಎಷ್ಟಿದೆ ಎಂದು ಅಳೆಯಲು ಬ್ರೇಡನ್ ಅಳತೆ ಎಂಬುದೊಂದಿದೆ. 6ರಿಂದ 23ರವರೆಗೆ ಅಂಕ, ಕಡಿಮೆ ಬಂದಷ್ಟೂ ಅಪಾಯ ಹೆಚ್ಚು. "ನೀವು ಇದಕ್ಕೆ ಯಾವ ಅಳತೆ ಬಳಸುತ್ತೀರಿ? ಮಗ್ಗುಲು ಬದಲಾಯಿಸಿದ ದಾಖಲೆ ಒಂದು ತೋರಿಸ್ತೀರಾ, ಹೆಸರು ಮುಚ್ಚಿಟ್ಟು?" ಎಂದು ಕೇಳಿ. ಗೊತ್ತಿರುವವರು ತಕ್ಷಣ ಫೈಲ್ ತೆಗೆಯುತ್ತಾರೆ. ಗೊತ್ತಿಲ್ಲದವರು "ನಮ್ಮಲ್ಲಿ ಗಾಳಿ ಹಾಸಿಗೆ ಇದೆ" ಎನ್ನುತ್ತಾರೆ. ಗಾಳಿ ಹಾಸಿಗೆ ಇದ್ದರೂ ಮಗ್ಗುಲು ಬದಲಾಯಿಸಲೇಬೇಕು.

*ಮರೆವಿನ ಕಾಯಿಲೆಯ ಆರೈಕೆ.* ಡಿಮೆನ್ಷಿಯಾ ಎಂದರೆ ಒಂದೇ ಕಾಯಿಲೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 60ರಿಂದ 70 ಶೇಕಡಾ ಪ್ರಕರಣಗಳಲ್ಲಿ ಆಲ್ಝೈಮರ್ಸ್ ಇರುತ್ತದೆ. ಉಳಿದವು ಮಿದುಳಿನ ರಕ್ತನಾಳದ ತೊಂದರೆಯಿಂದ ಬರುವುದು, ಮಿದುಳಿನಲ್ಲಿ ಲೂಯಿ ಬಾಡಿ ಎಂಬ ಪ್ರೋಟೀನ್ ಗಂಟುಗಳು ಸೇರುವ ಬಗೆ, ಹಣೆಯ ಹಿಂದಿನ ಮಿದುಳು ಸವೆಯುವ ಬಗೆ ಇತ್ಯಾದಿ. ಯಾವ ಬಗೆ ಎಂದು ತಿಳಿದಿರುವುದು ಆರೈಕೆಗೆ ಮುಖ್ಯ. ಉದಾಹರಣೆಗೆ, ಲೂಯಿ ಬಾಡಿ ಇರುವವರು ಇಲ್ಲದ ಮನುಷ್ಯರು, ಪ್ರಾಣಿಗಳು ಕಣ್ಣಮುಂದೆ ಇವೆ ಎನ್ನುತ್ತಾರೆ. ಅದಕ್ಕೆಂದು ಕೆಲವು ಮನೋರೋಗದ ಔಷಧಿ ಕೊಟ್ಟರೆ ಮೈ ಸೆಟೆದುಕೊಂಡು ಪ್ರಾಣಕ್ಕೇ ಅಪಾಯ ಆಗಬಹುದು. ಯಾವುದೇ ಡಿಮೆನ್ಷಿಯಾದಲ್ಲೂ ಈ ಗುಂಪಿನ ಔಷಧಿ ಸಾವಿನ ಅಪಾಯ ಹೆಚ್ಚಿಸುತ್ತದೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಕೆ ಕೊಟ್ಟಿದೆ. ಕೆಲವೊಮ್ಮೆ ಬೇರೆ ದಾರಿ ಇಲ್ಲದೆ ಕೊಡಬೇಕಾಗುತ್ತದೆ, ನಿಜ. ಆದರೆ "ಗಲಾಟೆ ಮಾಡಿದರೆ ಮಾತ್ರೆ ಕೊಡುತ್ತೇವೆ" ಎಂದು ಹಗುರವಾಗಿ ಹೇಳುವ ಜಾಗದಿಂದ ಎದ್ದು ಬನ್ನಿ.

ಮತ್ತೆ ಒಳ್ಳೆಯ ಜಾಗದವರು ಏನು ಮಾಡುತ್ತಾರೆ? ಕಾರಣ ಹುಡುಕುತ್ತಾರೆ. ಸಂಜೆಯಾಗುತ್ತಲೇ ಒಬ್ಬರು ಚಡಪಡಿಸಿ "ಮನೆಗೆ ಹೋಗಬೇಕು" ಎಂದು ಬಾಗಿಲ ಬಳಿ ನಿಲ್ಲುತ್ತಾರೆ ಎನ್ನಿ. ಇದು ಬಹಳ ಜನರಲ್ಲಿ ಕಾಣುವುದು. "ನಿಮ್ಮ ಮನೆ ಇದೇ, ಕೂತ್ಕೊಳ್ಳಿ" ಎಂದು ವಾದ ಮಾಡಿದರೆ ಸಿಟ್ಟು ಏರುತ್ತದೆ. ಹೊಟ್ಟೆ ಹಸಿದಿದೆಯೇ, ಮೂತ್ರಕ್ಕೆ ಹೋಗಬೇಕಾಗಿದೆಯೇ, ಎಲ್ಲಾದರೂ ನೋಯುತ್ತಿದೆಯೇ, ಕತ್ತಲಲ್ಲಿ ನೆರಳು ಕಂಡು ಹೆದರಿದ್ದಾರೆಯೇ ಎಂದು ಗೊತ್ತಿರುವವರು ನೋಡುತ್ತಾರೆ. ದೀಪ ಮೊದಲೇ ಹಾಕುತ್ತಾರೆ. ಜೊತೆಗೆ ನಾಲ್ಕು ಹೆಜ್ಜೆ ನಡೆದು, "ಮನೆಯಲ್ಲಿ ಯಾರ್ಯಾರು ಇದ್ದಾರೆ ಹೇಳಿ" ಎಂದು ಮಾತಿಗೆಳೆಯುತ್ತಾರೆ. ಹೊರಗೆ ತಪ್ಪಿಸಿಕೊಂಡು ಹೋಗದಂತೆ ಭದ್ರತೆ ಬೇಕು, ಆದರೆ ಒಳಗೆ ಸುತ್ತಾಡಲು ಜಾಗವೂ ಬೇಕು. ಶೌಚಾಲಯದ ಬಾಗಿಲಿಗೆ ಎದ್ದು ಕಾಣುವ ಬಣ್ಣ, ಚಿತ್ರವಿರುವ ಗುರುತು, ಕೋಣೆಯ ಹೊರಗೆ ಅವರದೇ ಹಳೆಯ ಫೋಟೋ ಇದ್ದರೆ ದಾರಿ ಹುಡುಕುವುದು ಸುಲಭ.

*ತಾತ್ಕಾಲಿಕ ವಾಸ.* ಮನೆಯಲ್ಲಿ ನೋಡಿಕೊಳ್ಳುವವರಿಗೆ ಬಿಡುವು ಬೇಕಾದಾಗ, ಅವರಿಗೇ ಆಪರೇಷನ್ ಇದ್ದಾಗ, ಊರಿಗೆ ಹೋಗಬೇಕಾದಾಗ ಕೆಲವು ದಿನ ಅಥವಾ ವಾರಗಳ ಮಟ್ಟಿಗೆ. ಜಾಗ ಹೇಗಿದೆ ಎಂದು ತಿಳಿಯಲೂ ಇದು ಒಳ್ಳೆಯ ಉಪಾಯ. ಇದನ್ನು ಬಳಸಿಕೊಳ್ಳಲು ಸಂಕೋಚ ಬೇಡ, ನೋಡಿಕೊಳ್ಳುವವರು ಕುಸಿದುಬಿದ್ದರೆ ಹಿರಿಯರ ಗತಿಯೂ ಅಷ್ಟೇ ಅಲ್ವಾ?

*ಹಗಲು ಆರೈಕೆ.* ಬೆಳಗ್ಗೆ ಬಿಟ್ಟು ಸಂಜೆ ಕರೆತರುವುದು. ರಾತ್ರಿ ಮನೆಯಲ್ಲಿ ಜನ ಇದ್ದು, ಹಗಲು ಎಲ್ಲರೂ ಕೆಲಸಕ್ಕೆ ಹೋಗುವ ಮನೆಗೆ ಹೊಂದುತ್ತದೆ.

*ಆಸ್ಪತ್ರೆಯ ನಂತರದ ಚೇತರಿಕೆ.* ಸೊಂಟದ ಮೂಳೆ ಮುರಿದು ಆಪರೇಷನ್ ಆದವರು, ಪಾರ್ಶ್ವವಾಯು ಆದವರು ಕೆಲವು ವಾರ ಫಿಸಿಯೋಥೆರಪಿ ಪಡೆದು ಮನೆಗೆ ಮರಳಲು ಇರುವ ವ್ಯವಸ್ಥೆ ಇದು. ವಯಸ್ಸಾದವರು ಸುಮ್ಮನೆ ಮಲಗಿದರೆ ಕೆಲವೇ ದಿನಗಳಲ್ಲಿ ಕಾಲಿನ ಸ್ನಾಯು ಕರಗುತ್ತದೆ. ಆದ್ದರಿಂದ "ವಿಶ್ರಾಂತಿ ಕೊಡುತ್ತೇವೆ" ಎನ್ನುವ ಜಾಗ ಬೇಡ. ದಿನಕ್ಕೆ ಎಷ್ಟು ಹೊತ್ತು ವ್ಯಾಯಾಮ, ಯಾರು ಮಾಡಿಸುತ್ತಾರೆ, ಗುರಿ ಏನು, ವಾರಕ್ಕೊಮ್ಮೆ ಎಷ್ಟು ಸುಧಾರಿಸಿದೆ ಎಂದು ಯಾರು ಹೇಳುತ್ತಾರೆ, ಇಷ್ಟು ಕೇಳಿ.

*ಉಪಶಮನ ಆರೈಕೆ.* ಪ್ಯಾಲಿಯೇಟಿವ್ ಕೇರ್ ಎಂದರೆ ಎಲ್ಲರೂ ಬೆಚ್ಚಿಬೀಳುತ್ತಾರೆ, "ಅಂದ್ರೆ ಇನ್ನೇನೂ ಮಾಡಲ್ವಾ?" ಎಂದು. ಮಾಡುವುದು ಬಹಳ ಇದೆ. ಗಂಭೀರ ಕಾಯಿಲೆ ಇರುವವರ ನೋವು, ಸಂಕಟ ಕಡಿಮೆ ಮಾಡುವುದೇ ಈ ಆರೈಕೆ. ಬ್ರಿಟನ್ನಿನ ಸಿಸಿಲಿ ಸಾಂಡರ್ಸ್ 1967ರಲ್ಲಿ ಲಂಡನ್‌ನಲ್ಲಿ ಕೊನೆಯ ದಿನಗಳಲ್ಲಿ ಇರುವವರನ್ನು ನೋಡಿಕೊಳ್ಳುವ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದಾಗಿನಿಂದ ಈ ಆರೈಕೆ ವೈದ್ಯಕೀಯದ ಒಂದು ವಿಭಾಗವಾಗಿಯೇ ಬೆಳೆದಿದೆ. ನೋವು ಬಂದ ಮೇಲೆ ಔಷಧಿ ಕೊಡುವ ಬದಲು ಬರದಂತೆ ಹೊತ್ತುಹೊತ್ತಿಗೆ ಕೊಡಬೇಕು ಎಂದು ಸಾಂಡರ್ಸ್ ಒತ್ತಿ ಹೇಳಿದರು. ಮೈಯ ನೋವಿನ ಜೊತೆಗೆ ಮನಸ್ಸಿನ, ಸಂಬಂಧಗಳ ನೋವನ್ನೂ ಲೆಕ್ಕಕ್ಕೆ ತಂದರು. ಇದು ಕ್ಯಾನ್ಸರಿಗೆ ಮಾತ್ರ ಮೀಸಲಲ್ಲ. ಹೃದಯ, ಶ್ವಾಸಕೋಶ, ಕಿಡ್ನಿ ಸೋತವರಿಗೆ, ಡಿಮೆನ್ಷಿಯಾ ಮುಂದುವರಿದವರಿಗೂ ಬೇಕು. ಬೇರೆ ಚಿಕಿತ್ಸೆಯ ಜೊತೆಜೊತೆಗೇ ಶುರು ಮಾಡಬಹುದು. ಹಿರಿಯರ ಮನೆಯವರನ್ನು ಇಷ್ಟು ಕೇಳಿ: ಮಾರ್ಫಿನ್‌ನಂಥ ಔಷಧಿ ಇಲ್ಲಿ ಸಿಗುತ್ತದೆಯೇ, ರಾತ್ರಿ ಯಾರು ಕೊಡುತ್ತಾರೆ, ಕೊನೆಯ ದಿನಗಳಲ್ಲಿ ಇಲ್ಲೇ ಇರಲು ಬಿಡುತ್ತೀರೋ ಅಥವಾ ಆಂಬುಲೆನ್ಸ್ ಕರೆಸಿ ಆಸ್ಪತ್ರೆಗೆ ಸಾಗಿಸುತ್ತೀರೋ, ಮನೆಯವರು ಪಕ್ಕದಲ್ಲಿ ಮಲಗಬಹುದೇ.

ಇದಕ್ಕೆ ಸೇರಿದ ಇನ್ನೊಂದು ಮಾತು. ಡಿಮೆನ್ಷಿಯಾದ ಕೊನೆಯ ಹಂತದಲ್ಲಿ ನುಂಗಲು ಕಷ್ಟವಾದಾಗ ನಳಿಕೆ ಹಾಕುವ ಪ್ರಶ್ನೆ ಬರುತ್ತದೆ. ನಳಿಕೆಯಿಂದ ಆಯಸ್ಸು ಹೆಚ್ಚುತ್ತದೆ, ಶ್ವಾಸಕೋಶದ ಸೋಂಕು ತಪ್ಪುತ್ತದೆ ಎನ್ನಲು ಆಧಾರ ಇಲ್ಲ. ನಿಧಾನವಾಗಿ, ತಾಳ್ಮೆಯಿಂದ ಕೈಯಲ್ಲಿ ತಿನ್ನಿಸುವುದನ್ನೇ ಹಿರಿಯರ ಕಾಯಿಲೆಗಳ ತಜ್ಞರು ಮೇಲು ಎನ್ನುತ್ತಾರೆ. ಆದರೆ ಅದಕ್ಕೆ ಒಬ್ಬರು ಅರ್ಧ ಗಂಟೆ ಕೂರಬೇಕು. ಜನ ಕಡಿಮೆ ಇರುವ ಕಡೆ ನಳಿಕೆಯ ಸಲಹೆ ಬೇಗ ಬರಬಹುದು. ಯಾಕೆ ಎಂದು ಕೇಳಿ.

ಹಂತ 4: "ಕಾಯಿಲೆ ಹೆಚ್ಚಾದರೆ ಏನು?" ಎಂದು ಮೊದಲೇ ಕೇಳಿ

ಇವತ್ತಿನ ಸ್ಥಿತಿಗೆ ಹೊಂದುವ ಜಾಗ ಸಿಕ್ಕಿತು ಎನ್ನಿ. ಎರಡು ವರ್ಷದ ನಂತರ? ಕೆಲವು ಕಡೆ ನಡೆಯಲು ಆಗದಿದ್ದರೆ, ಮಲಮೂತ್ರದ ಹಿಡಿತ ತಪ್ಪಿದರೆ, ಮರೆವು ಹೆಚ್ಚಾದರೆ ಇಟ್ಟುಕೊಳ್ಳುವುದಿಲ್ಲ. ಅದನ್ನು ಸೇರುವಾಗ ಯಾರೂ ಎದುರಿಗೆ ಹೇಳುವುದಿಲ್ಲ, ಒಪ್ಪಂದದ ಕೊನೆಯ ಪುಟದಲ್ಲಿ ಇರುತ್ತದೆ. ಜಾಗ ಬದಲಾಯಿಸುವುದು ಹಿರಿಯರಿಗೆ ಬಹಳ ಕಷ್ಟ. ಅದರಲ್ಲೂ ಮರೆವಿನ ಕಾಯಿಲೆ ಇರುವವರು ಹೊಸ ಕೋಣೆ, ಹೊಸ ಮುಖಗಳ ನಡುವೆ ಪೂರ್ತಿ ಕಂಗಾಲಾಗುತ್ತಾರೆ. ಕಾಯಿಲೆ ಮುಂದುವರಿಯುವಂಥದ್ದು ಎಂದು ಡಾಕ್ಟರು ಹೇಳಿದ್ದರೆ, ಮುಂದಿನ ಹಂತದ ಆರೈಕೆಯೂ ಅದೇ ಆವರಣದಲ್ಲಿ ಇರುವ ಜಾಗವನ್ನು ನೋಡುವುದು ಮೇಲು, ಕಟ್ಟಡ ಸ್ವಲ್ಪ ಹಳೆಯದಾದರೂ ಚಿಂತೆಯಿಲ್ಲ.

ಹಾಗೆಯೇ ಬೇಕಾದ್ದಕ್ಕಿಂತ ಹೆಚ್ಚಿನ ಆರೈಕೆಯೂ ಒಳ್ಳೆಯದಲ್ಲ. ತಾವೇ ಗುಂಡಿ ಹಾಕಿಕೊಳ್ಳಬಲ್ಲವರಿಗೆ ದಿನಾ ಇನ್ನೊಬ್ಬರು ಹಾಕಿದರೆ, ಸ್ವಲ್ಪ ಕಾಲದಲ್ಲಿ ಆ ಕೆಲಸ ಕೈಬಿಟ್ಟೇ ಹೋಗುತ್ತದೆ.

ಹಂತ 5: ಹೋಗಿ ನೋಡಿ, ಎರಡು ಸಲ

ಒಂದು ಸಲ ಹೇಳಿ ಹೋಗಿ, ಇನ್ನೊಂದು ಸಲ ಹೇಳದೆ ಹೋಗಿ. ಎರಡನೆಯದು ಸಂಜೆ ಅಥವಾ ರಜಾದಿನ ಆಗಿರಲಿ, ಆಗ ಸಿಬ್ಬಂದಿ ಕಡಿಮೆ ಇರುತ್ತಾರೆ.

ಮುಂಭಾಗದ ಹಾಲ್‌ನಲ್ಲಿ ಹೊತ್ತು ಕಳೆಯಬೇಡಿ. ಊಟದ ಹೊತ್ತಿಗೆ, ಬೇರೆಯವರ ಕೈಯಿಂದ ಉಣ್ಣಬೇಕಾದವರು ಕೂರುವ ಕಡೆ ನೋಡಲು ಅನುಮತಿ ಕೇಳಿ. ಆರೈಕೆದಾರರು ಕೂತು ತಿನ್ನಿಸುತ್ತಿದ್ದಾರೋ, ನಿಂತು ತಿನ್ನಿಸುತ್ತಿದ್ದಾರೋ? ನಿಂತು ಮೇಲಿನಿಂದ ಚಮಚ ಇಟ್ಟರೆ ಹಿರಿಯರು ತಲೆ ಎತ್ತಬೇಕಾಗುತ್ತದೆ. ತಲೆ ಹಿಂದಕ್ಕೆ ಬಾಗಿದಾಗ ಆಹಾರ ಶ್ವಾಸನಾಳಕ್ಕೆ ಜಾರುವುದು ಸುಲಭ. ಬೆನ್ನು ನೆಟ್ಟಗಿರಬೇಕು, ಗದ್ದ ಸ್ವಲ್ಪ ಕೆಳಗಿರಬೇಕು, ಮೊದಲ ತುತ್ತು ನುಂಗಿದ್ದು ಖಚಿತವಾದ ಮೇಲೆ ಮುಂದಿನದು ಬರಬೇಕು. ತಿಂದ ಕೂಡಲೇ ಮಲಗಿಸಬಾರದು, ಅರ್ಧ ಗಂಟೆಯಾದರೂ ಕೂರಿಸಬೇಕು. ತಿನ್ನಿಸುವವರ ಕಣ್ಣು ಹಿರಿಯರ ಮುಖದ ಮೇಲಿದೆಯೋ ಮೊಬೈಲ್ ಮೇಲಿದೆಯೋ ಎಂದೂ ನೋಡಿಬಿಡಿ. ಹತ್ತು ನಿಮಿಷ ಇಲ್ಲಿ ನಿಂತರೆ ಇಡೀ ಸಂಸ್ಥೆಯ ಬಗ್ಗೆ ಗೊತ್ತಾಗುತ್ತದೆ.

ಕೋಣೆಗಳಲ್ಲಿ ನೀರಿನ ಲೋಟ ಕೈಗೆಟುಕುವಂತಿದೆಯೇ, ಬೆಲ್‌ನ ಹಗ್ಗ ಅಥವಾ ಗುಂಡಿ ಹಾಸಿಗೆಯಿಂದ ಸಿಗುತ್ತದೆಯೇ, ಬಚ್ಚಲಲ್ಲಿ ನೆಲಕ್ಕೆ ಬಿದ್ದವರಿಗೂ ಸಿಗುತ್ತದೆಯೇ ನೋಡಿ. ಒಂದು ಬೆಲ್ ಒತ್ತಿಸಿ, ಎಷ್ಟು ಹೊತ್ತಿಗೆ ಬರುತ್ತಾರೆ ಎಂದು ಗಮನಿಸಿ. ಹಾಸಿಗೆಯ ಎರಡೂ ಬದಿಗೆ ಕಂಬಿ ಏರಿಸಿ, ಮುಂದೆ ಟೇಬಲ್ ಅಡ್ಡ ಇಟ್ಟು, ಸೊಂಟಕ್ಕೆ ಪಟ್ಟಿ ಕಟ್ಟಿ ಕೂರಿಸಿದವರು ಜಾಸ್ತಿ ಕಂಡರೆ ಎಚ್ಚರ. "ಬೀಳದಿರಲಿ ಅಂತ" ಎನ್ನುತ್ತಾರೆ. ಕಂಬಿ ಹತ್ತಿ ದಾಟಲು ಹೋದವರು ಇನ್ನೂ ಎತ್ತರದಿಂದ ಬೀಳುತ್ತಾರೆ, ಕಟ್ಟಿಹಾಕಿದವರು ಇನ್ನಷ್ಟು ಬಲ ಕಳೆದುಕೊಳ್ಳುತ್ತಾರೆ.

ಸಿಬ್ಬಂದಿಯನ್ನು ಕೇಳಬೇಕಾದ್ದು: ಹಗಲು ಎಷ್ಟು ಜನಕ್ಕೆ ಎಷ್ಟು ಮಂದಿ, ರಾತ್ರಿ ಎಷ್ಟು, ಎದ್ದಿರುವವರೋ ಮಲಗಿರುವವರೋ, ನರ್ಸ್ ಯಾವ ಹೊತ್ತಿನಲ್ಲಿ ಇರುತ್ತಾರೆ, ಡಾಕ್ಟರು ಯಾವಾಗ ಬರುತ್ತಾರೆ. ಮ್ಯಾನೇಜರ್ ಬಳಿ ಕೇಳಿದ್ದನ್ನೇ ಕಾರಿಡಾರ್‌ನಲ್ಲಿ ಸಿಗುವ ಆರೈಕೆದಾರರ ಬಳಿಯೂ ಕೇಳಿ. ಎಷ್ಟು ವರ್ಷದಿಂದ ಇಲ್ಲಿದ್ದೀರಿ ಎಂದೂ ಕೇಳಿ. ಎಲ್ಲರೂ ಎರಡು ತಿಂಗಳ ಹೊಸಬರೇ ಆಗಿದ್ದರೆ ಒಳಗೆ ಏನೋ ಸರಿಯಿಲ್ಲ.

ಹಂತ 6: ಹಿರಿಯರನ್ನೇ ಕೇಳಿ

ಇದನ್ನು ಆರನೆಯದಾಗಿ ಬರೆದಿದ್ದರೂ ಮಾತು ಮೊದಲಿನಿಂದಲೂ ನಡೆಯುತ್ತಿರಬೇಕು. ವಿಶ್ವಸಂಸ್ಥೆ 1991ರಲ್ಲಿ ಒಪ್ಪಿದ ಹಿರಿಯರ ಕುರಿತ ತತ್ವಗಳಲ್ಲಿ, ಆರೈಕೆ ಕೇಂದ್ರದಲ್ಲಿ ಇರುವವರಿಗೂ ತಮ್ಮ ಆರೈಕೆ ಹೇಗಿರಬೇಕು ಎಂದು ತೀರ್ಮಾನಿಸುವ ಹಕ್ಕು ಇದೆ ಎಂದು ಸ್ಪಷ್ಟವಾಗಿ ಹೇಳಿದೆ. "ಅಪ್ಪ, ನಿಮಗೆ ಹೋಗಲು ಇಷ್ಟವಾ?" ಎಂದು ಒಟ್ಟಾರೆ ಕೇಳಿದರೆ ಉತ್ತರ "ಬೇಡ" ಎಂದೇ ಬರುತ್ತದೆ. ಸಣ್ಣಸಣ್ಣ ಪ್ರಶ್ನೆ ಕೇಳಿ. "ಒಬ್ಬರೇ ಕೋಣೆ ಬೇಕಾ, ಜೊತೆಗೆ ಯಾರಾದರೂ ಇರಲಾ?" "ಸ್ನಾನ ಬೆಳಗ್ಗೆಯೇ ಆಗಬೇಕಾ?" "ಸ್ನಾನ ಮಾಡಿಸಲು ಹೆಂಗಸರೇ ಇರಬೇಕಾ, ಅಮ್ಮ?" ಈ ಕೊನೆಯದನ್ನು ಎಷ್ಟೋ ತಾಯಂದಿರು ಬಾಯಿಬಿಟ್ಟು ಹೇಳಲಾರರು. ಮರೆವಿನ ಕಾಯಿಲೆ ಇರುವವರಿಗೂ ಇಷ್ಟಾನಿಷ್ಟ ಇರುತ್ತದೆ, ಎರಡೇ ಆಯ್ಕೆ ಮುಂದಿಟ್ಟರೆ ಹೇಳುತ್ತಾರೆ.

"ಇನ್ಮುಂದೆ ಅಲ್ಲೇ" ಎಂದು ಹೇಳುವುದಕ್ಕಿಂತ ಕೆಲವು ವಾರ ಇದ್ದು ನೋಡೋಣ ಎನ್ನುವುದು ವಾಸಿ. ಆದರೆ ನಿಜವಾಗಿಯೂ ಹಾಗೆ ಇದ್ದರೆ ಮಾತ್ರ ಹೇಳಿ. ಸುಳ್ಳು ಹೇಳಿ ಬಿಟ್ಟುಬಂದರೆ ಆಮೇಲೆ ನೀವು ಹೇಳಿದ ಯಾವ ಮಾತನ್ನೂ ಅವರು ನಂಬುವುದಿಲ್ಲ.

ಹಂತ 7: ಕಾಗದದಲ್ಲಿ ಬರಲಿ

ಎರಡು ಕಾಗದ ಬೇಕು. ಒಂದು ಒಪ್ಪಂದ. ತಿಂಗಳ ಶುಲ್ಕದಲ್ಲಿ ಏನೇನು ಸೇರಿದೆ, ಡಯಾಪರ್, ಔಷಧಿ, ಫಿಸಿಯೋಥೆರಪಿ, ಆಸ್ಪತ್ರೆಗೆ ಜೊತೆ ಹೋಗುವವರ ಖರ್ಚು ಬೇರೆಯೇ, ಶುಲ್ಕ ಯಾವಾಗ ಏರುತ್ತದೆ, ಆಸ್ಪತ್ರೆಯಲ್ಲಿದ್ದಾಗ ಕೋಣೆ ಉಳಿಸುತ್ತಾರೆಯೇ, ಬಿಟ್ಟುಹೋಗುವಾಗ ಠೇವಣಿ ಎಷ್ಟು ದಿನದಲ್ಲಿ ವಾಪಸು, ಯಾವ ಕಾರಣಕ್ಕೆ ಅವರು "ಕರೆದುಕೊಂಡು ಹೋಗಿ" ಎನ್ನಬಹುದು. ನಿಮ್ಮಲ್ಲಿ ಇಂಥ ಸಂಸ್ಥೆಗಳಿಗೆ ನೋಂದಣಿ, ತಪಾಸಣೆ ಇದ್ದರೆ ಆ ವರದಿಯನ್ನೂ ಕೇಳಿ ಓದಿ.

ಇನ್ನೊಂದು ಆರೈಕೆಯ ಯೋಜನೆ. ಹಂತ 1ರಲ್ಲಿ ಬರೆದ ನೋಟ್‌ಬುಕ್ ಈಗ ಕೆಲಸಕ್ಕೆ ಬರುತ್ತದೆ. ಅದನ್ನು ಮುಂದಿಟ್ಟುಕೊಂಡು ನರ್ಸ್ ಜೊತೆ ಕೂತು ಬರೆಸಿ: ಯಾವುದನ್ನು ತಾವೇ ಮಾಡುತ್ತಾರೆ, ಯಾವುದಕ್ಕೆ ಕೈ ಬೇಕು, ಯಾವ ಕಿವಿ ಚೆನ್ನಾಗಿ ಕೇಳುತ್ತದೆ, ಯಾವ ಔಷಧಿ ಆಗಿಬರುವುದಿಲ್ಲ, ನೋವಾದಾಗ ಹೇಗೆ ಗೊತ್ತಾಗುತ್ತದೆ, ಏನು ಹೇಳಿದರೆ ಸಮಾಧಾನವಾಗುತ್ತದೆ, ಹೇಗೆ ಕರೆದರೆ ಇಷ್ಟ. ಬೇರೆಯವರು "ಅಜ್ಜಿ" ಎಂದರೆ ಕೆಲವರಿಗೆ ಸಿಟ್ಟು, ಹೆಸರು ಹಿಡಿದು ಕರೆದರೆ ಇನ್ನು ಕೆಲವರಿಗೆ.

ಹಂತ 8: ಸೇರಿಸಿದ ಮೇಲೆ

ಮೊದಲ ಕೆಲವು ವಾರ ಬೇಸರ, ಅಳು, ಊಟ ಬೇಡ ಎನ್ನುವುದು ಇದ್ದದ್ದೇ. ಅದನ್ನು ನೋಡಿ ತಕ್ಷಣ ವಾಪಸು ಕರೆತರಬೇಕಿಲ್ಲ. "ಹೊಂದಿಕೊಳ್ಳುತ್ತಾರೆ ಬಿಡಿ" ಎಂದು ಕಣ್ಣು ಮುಚ್ಚಿಕೊಳ್ಳಲೂ ಬೇಡ. ಬೇರೆಬೇರೆ ಹೊತ್ತಿನಲ್ಲಿ ಹೋಗಿ ಬನ್ನಿ. ಒಂದು ದಿನ ಹಿಮ್ಮಡಿ ನೋಡಿ, ಇನ್ನೊಂದು ದಿನ ಬಾಯಿಯ ಒಳಗೆ, ಉಗುರು, ಚಪ್ಪಲಿ ನೋಡಿ. ಕನ್ನಡಕ ಒರೆಸಿದ್ದಾರಾ, ಕಿವಿಯ ಮಶೀನಿಗೆ ಬ್ಯಾಟರಿ ಇದೆಯಾ, ಹಲ್ಲಿನ ಸೆಟ್ ಅವರದೇನಾ? ಇದು ತಮಾಷೆಯಲ್ಲ, ಹಲ್ಲಿನ ಸೆಟ್‌ಗಳು ಅದಲುಬದಲಾಗುತ್ತವೆ. ಹೆಸರು ಬರೆಸಿಡಿ.

ತೂಕವನ್ನು ತಿಂಗಳಿಗೊಮ್ಮೆಯಾದರೂ ನೋಡಿ ಬರೆದಿಡುತ್ತಾರೆಯೇ ಎಂದು ಕೇಳಿ. ಒಂದು ತಿಂಗಳಲ್ಲಿ ಶೇಕಡಾ 5ರಷ್ಟು ಇಳಿದಿದ್ದರೆ, ಅಂದರೆ 60 ಕಿಲೋ ಇದ್ದವರು 57ಕ್ಕೆ ಬಂದಿದ್ದರೆ, ಅದು ಡಾಕ್ಟರಿಗೆ ತೋರಿಸಬೇಕಾದ ವಿಷಯ. ಬಿದ್ದರೆ ಅದೇ ದಿನ ನಿಮಗೆ ಫೋನ್ ಬರಬೇಕು. ಹೊಸ ಮಾತ್ರೆ ಶುರುವಾದರೆ ಯಾಕೆ ಎಂದು ತಿಳಿಸಬೇಕು. ಇದ್ದಕ್ಕಿದ್ದಂತೆ ಹಗಲೆಲ್ಲ ತೂಕಡಿಸುತ್ತಿದ್ದರೆ ಮಾತ್ರೆಯ ಚೀಟಿ ಕೇಳಿ.

ದೂರು ಹೇಳುವಾಗ ಮೊದಲು ನೇರವಾಗಿ ನರ್ಸ್ ಅಥವಾ ಮ್ಯಾನೇಜರ್‌ಗೆ, ದಿನಾಂಕ ಹಾಕಿ, ನೋಡಿದ್ದನ್ನಷ್ಟೇ ಬರೆದು ಕೊಡಿ. "ನೀವು ಸರಿಯಾಗಿ ನೋಡಿಕೊಳ್ಳುತ್ತಿಲ್ಲ" ಎಂದರೆ ಜಗಳವಾಗುತ್ತದೆ. "ಮಂಗಳವಾರ ಸಂಜೆ ಐದಕ್ಕೆ ಬಂದಾಗ ಡಯಾಪರ್ ಒದ್ದೆ ಇತ್ತು, ಆರೂವರೆಗೆ ಹೊರಡುವಾಗಲೂ ಬದಲಾಯಿಸಿರಲಿಲ್ಲ" ಎಂದರೆ ಅವರು ಉತ್ತರ ಕೊಡಲೇಬೇಕು. ಮೈಮೇಲೆ ಕಾರಣ ಹೇಳಲಾಗದ ಗಾಯ, ಬೆರಳಿನ ಗುರುತು, ಒಬ್ಬ ಸಿಬ್ಬಂದಿ ಬಂದಾಗ ಮಾತ್ರ ಹೆದರಿ ಮುದುಡಿಕೊಳ್ಳುವುದು ಕಂಡರೆ ಮಾತ್ರ ಕಾಯಬೇಡಿ. ಫೋಟೋ ತೆಗೆದುಕೊಂಡು, ಹಿರಿಯರನ್ನು ಸುರಕ್ಷಿತ ಜಾಗಕ್ಕೆ ಕರೆದೊಯ್ದು, ಡಾಕ್ಟರಿಗೆ ತೋರಿಸಿ, ಸಂಬಂಧಪಟ್ಟ ಅಧಿಕಾರಿಗಳಿಗೆ ಅಥವಾ ಪೊಲೀಸರಿಗೆ ತಿಳಿಸಿ.

ಆರೈಕೆಯ ಯೋಜನೆಯನ್ನು ಮತ್ತೆ ನೋಡುವ ದಿನ ಸೇರಿಸುವಾಗಲೇ ಗೊತ್ತು ಮಾಡಿಕೊಳ್ಳಿ. ಮೊದಲ ಸಲ ಒಂದು ತಿಂಗಳಿಗೆ, ಆಮೇಲೆ ಮೂರು ಮೂರು ತಿಂಗಳಿಗೆ. ಬಿದ್ದರೆ, ಆಸ್ಪತ್ರೆಗೆ ಹೋಗಿ ಬಂದರೆ, ಆ ದಿನಕ್ಕಾಗಿ ಕಾಯದೆ ಅದೇ ವಾರ ನರ್ಸ್ ಜೊತೆ ಕೂತು ಹೊಸದಾಗಿ ಬರೆಸಿ.